ಅರವತ್ತೈದು ಎಂಬ ಗೆರೆ

ಆನೇಕಲ್ ತಾಲ್ಲೂಕಿನ ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆ ಕೈಗಾರಿಕಾ ಪ್ರದೇಶಗಳ ಎಷ್ಟೋ ಕಾರ್ಖಾನೆಗಳಲ್ಲಿ 2017ರವರೆಗೆ ಕಾರ್ಮಿಕರು 58ಕ್ಕೆ ನಿವೃತ್ತರಾಗಬೇಕಿತ್ತು. ಆ ವರ್ಷದ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಕಾರ್ಖಾನೆ ಕೆಲಸದ ಷರತ್ತುಗಳನ್ನು ಹೇಳುವ ಮಾದರಿ ಸ್ಥಾಯಿ ಆದೇಶಗಳಿಗೆ ತಿದ್ದುಪಡಿ ತಂದು ಅದನ್ನು 60ಕ್ಕೆ ಏರಿಸಿತು. ರಾಜ್ಯ ಸರ್ಕಾರಿ ನೌಕರರಿಗೆ ಇದೇ ಎರಡು ವರ್ಷ 2008ರಲ್ಲೇ ಸಿಕ್ಕಿತ್ತು. ಎರಡೂ ಸಲ ಯಾರೂ ಯಾರ ರಕ್ತದೊತ್ತಡವನ್ನೂ ಅಳೆಯಲಿಲ್ಲ, ಕಣ್ಣು ಪರೀಕ್ಷಿಸಲಿಲ್ಲ. ಅದರ ಅಗತ್ಯವೂ ಇರಲಿಲ್ಲ. ಲೇತ್ ಮುಂದೆ ನಿಂತು ದುಡಿಯುವವರ ಪಾಲಿಗೆ ನಿವೃತ್ತಿ ವಯಸ್ಸು ಎಂದರೆ, ಅಲ್ಲಿಯವರೆಗೆ ವಯಸ್ಸಿನ ನೆಪ ಹೇಳಿ ಮನೆಗೆ ಕಳಿಸುವಂತಿಲ್ಲ ಎಂಬ ಭರವಸೆ. ಅದು ದುಡಿಮೆಯ ಹಕ್ಕಿಗೂ ಪಿಂಚಣಿಗೂ ಸಂಬಂಧಪಟ್ಟ ಸಂಖ್ಯೆ. ಭವಿಷ್ಯನಿಧಿಯ ಪಿಂಚಣಿ ಇವತ್ತಿಗೂ 58ಕ್ಕೇ ಶುರುವಾಗುತ್ತದೆ. ಆದರೆ ವಿಮಾನ ಹಾರಿಸುವವರ ನಿವೃತ್ತಿ ವಯಸ್ಸು ಬೇರೆಯದೇ ಜಾತಿಗೆ ಸೇರಿದ ಸಂಖ್ಯೆ. ಅದು ಪೈಲಟ್‌ನನ್ನು ಕಾಯಲು ಹುಟ್ಟಿದ್ದಲ್ಲ, ಅವನ ಬೆನ್ನ ಹಿಂದೆ ಕೂತ ನೂರೆಂಬತ್ತು ಜನರನ್ನು ಕಾಯಲು ಹುಟ್ಟಿದ್ದು. ಹಾಗಾಗಿ ಅದನ್ನು ಏರಿಸಬೇಕೇ ಎಂಬ ಪ್ರಶ್ನೆಗೆ ಉತ್ತರ ಅಳತೆಯಿಂದ ಬರಬೇಕು. ಈ ಅಧ್ಯಾಯದ ವಾದವೂ ಅಷ್ಟೇ: ಗೆರೆಯನ್ನು 65ರಿಂದ 67ಕ್ಕೆ ಸರಿಸಲು ವಿಜ್ಞಾನದ ತಕರಾರಿಲ್ಲ; ಆದರೆ ಪೈಲಟ್‌ಗಳು ಸಾಲುತ್ತಿಲ್ಲ ಎಂಬ ಕಾರಣಕ್ಕೆ ಸರಿಸಿದರೆ ಅದು ಅಪಾಯ.

ಈ ಗೆರೆ ಎಲ್ಲಿಂದ ಬಂತು ಎಂದು ಕೆದಕಿದರೆ ಅಲ್ಲಿ ಪ್ರಯೋಗಶಾಲೆ ಸಿಗುವುದಿಲ್ಲ. 1959ರಲ್ಲಿ ಅಮೆರಿಕದ ವಿಮಾನಯಾನ ಆಡಳಿತ, 60 ತುಂಬಿದವರು ದೊಡ್ಡ ಪ್ರಯಾಣಿಕ ವಿಮಾನ ಹಾರಿಸುವಂತಿಲ್ಲ ಎಂಬ ನಿಯಮ ಮಾಡಿತು. ಜೆಟ್ ವಿಮಾನಗಳು ಆಗಷ್ಟೇ ಬಂದಿದ್ದವು. ಹಿರಿಯ ಪೈಲಟ್‌ಗಳಿಗೆ ಹೊಸ ವಿಮಾನ ಕಲಿಸುವುದು ಕಂಪನಿಗಳಿಗೆ ದುಬಾರಿ ಅನ್ನಿಸಿತ್ತು. ಅಮೆರಿಕನ್ ಏರ್‌ಲೈನ್ಸ್‌ನ ಮುಖ್ಯಸ್ಥ ಸಿ. ಆರ್. ಸ್ಮಿತ್, ಆಡಳಿತದ ಮುಖ್ಯಸ್ಥ ಎಲ್‌ವುಡ್ ಕ್ಯುಸಾಡಾ ಅವರಿಗೆ ಈ ಬಗ್ಗೆ ಪತ್ರ ಬರೆದದ್ದು ದಾಖಲೆಯಲ್ಲಿದೆ. ಅರವತ್ತರ ಆಸುಪಾಸಿನಲ್ಲಿ ಅಪಘಾತಗಳು ಏಕಾಏಕಿ ಹೆಚ್ಚುತ್ತವೆ ಎಂದು ತೋರಿಸುವ ಅಂಕಿಅಂಶ ಆಗ ಯಾರ ಕೈಯಲ್ಲೂ ಇರಲಿಲ್ಲ. ಜಗತ್ತಿನ ನಾಗರಿಕ ವಿಮಾನಯಾನಕ್ಕೆ ನಿಯಮ ರೂಪಿಸುವ ಐಕಾವೊ ಕೂಡ ಅರವತ್ತನ್ನೇ ಹಿಡಿದು ಕೂತಿತ್ತು. 2006ರ ನವೆಂಬರ್‌ನಲ್ಲಿ ಅದು ಇಬ್ಬರು ಪೈಲಟ್‌ಗಳಿರುವ ವಿಮಾನಗಳಲ್ಲಿ ವಯಸ್ಸನ್ನು 65ಕ್ಕೆ ಏರಿಸಿತು. ಒಬ್ಬರು ಅರವತ್ತು ದಾಟಿದ್ದರೆ ಇನ್ನೊಬ್ಬರು ಅದಕ್ಕಿಂತ ಚಿಕ್ಕವರಿರಬೇಕು ಎಂಬ ಷರತ್ತು ಹಾಕಿತು. 2014ರಲ್ಲಿ ಆ ಷರತ್ತನ್ನೂ ತೆಗೆಯಿತು. 2007ರ ಡಿಸೆಂಬರ್‌ನಲ್ಲಿ ಅಮೆರಿಕ 65ಕ್ಕೆ ಬಂತು. ಜಪಾನ್ ತನ್ನ ದೇಶದೊಳಗಿನ ಹಾರಾಟಕ್ಕೆ 2015ರಿಂದ 67ರವರೆಗೂ ಅವಕಾಶ ಕೊಟ್ಟಿದೆ. ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಒಳನಾಡಿನ ಹಾರಾಟಕ್ಕೆ ವಯಸ್ಸಿನ ಮಿತಿಯೇ ಇಲ್ಲ. 2025ರಲ್ಲಿ ಏರ್‌ಲೈನ್ ಕಂಪನಿಗಳ ಜಾಗತಿಕ ಒಕ್ಕೂಟ 67ರ ಪ್ರಸ್ತಾಪವನ್ನು ಐಕಾವೊ ಮಹಾಸಭೆಯ ಮುಂದಿಟ್ಟಿತು, ಸಭೆ ಒಪ್ಪಲಿಲ್ಲ. ಭಾರತದಲ್ಲಿ ಲೈಸೆನ್ಸ್ ಮಿತಿ 65. ಆ ಮಿತಿಯೊಳಗೆ ಕಂಪನಿಗಳು ತಮ್ಮ ವಯಸ್ಸನ್ನು ಇಟ್ಟುಕೊಳ್ಳಬಹುದು. ಏರ್ ಇಂಡಿಯಾದಲ್ಲಿ ಬಹುಕಾಲ 58 ಇತ್ತು, 2025ರ ಆಗಸ್ಟ್‌ನಲ್ಲಿ ಕಂಪನಿ ಅದನ್ನು ಪೈಲಟ್‌ಗಳಿಗೆ 65ಕ್ಕೆ, ವಿಮಾನದಲ್ಲಿ ಹಾರದ ಸಿಬ್ಬಂದಿಗೆ 60ಕ್ಕೆ ಏರಿಸಿತು.

ಹಾರುವಾಗ ಪೈಲಟ್ ಕುಸಿದುಬಿದ್ದರೆ? ಪ್ರಯಾಣಿಕರನ್ನು ಹೆಚ್ಚು ಕಾಡುವ ಭಯ ಇದೇ. ವಿಮಾನಯಾನ ವೈದ್ಯರು ಇದಕ್ಕೆ ಒಂದು ಲೆಕ್ಕ ಇಟ್ಟಿದ್ದಾರೆ. ಶೇಕಡಾ ಒಂದರ ನಿಯಮ ಎಂದು ಅದಕ್ಕೆ ಹೆಸರು. ಒಬ್ಬ ಪೈಲಟ್ ಇಡೀ ವರ್ಷದಲ್ಲಿ ಇದ್ದಕ್ಕಿದ್ದಂತೆ ಅಶಕ್ತನಾಗುವ ಸಂಭವ ನೂರರಲ್ಲಿ ಒಂದಕ್ಕಿಂತ ಹೆಚ್ಚಿರಬಾರದು ಎಂಬುದು ಅದರ ಸಾರ. ಕೇಳಿದರೆ ಎದೆ ಧಸಕ್ ಎನ್ನುತ್ತದೆ, ನೂರಕ್ಕೊಬ್ಬರೇ! ಆದರೆ ಲೆಕ್ಕವನ್ನು ಬಿಡಿಸಿ ನೋಡಬೇಕು. ವರ್ಷಕ್ಕೆ 8,760 ಗಂಟೆ; ಲೆಕ್ಕದ ಅನುಕೂಲಕ್ಕೆ ಹತ್ತು ಸಾವಿರ ಎನ್ನೋಣ. ಅಲ್ಲಿಗೆ ಒಂದು ಗಂಟೆಯಲ್ಲಿ ಕುಸಿಯುವ ಸಂಭವ ಹತ್ತು ಲಕ್ಷಕ್ಕೆ ಒಂದು. ವಿಮಾನ ಮೇಲೆ ಸಮತಲದಲ್ಲಿ ಹೋಗುತ್ತಿರುವಾಗ ಒಬ್ಬರು ಕುಸಿದರೆ ಇನ್ನೊಬ್ಬರಿಗೆ ಸಾವರಿಸಿಕೊಳ್ಳಲು ಬೇಕಾದಷ್ಟು ಸಮಯ ಇರುತ್ತದೆ. ನಿಜವಾದ ಗಂಡಾಂತರ ಏರುವಾಗ, ಇಳಿಯುವಾಗ ಮಾತ್ರ. ಒಂದು ಗಂಟೆಯ ಹಾರಾಟದಲ್ಲಿ ಆ ಭಾಗ ಸುಮಾರು ಹತ್ತನೇ ಒಂದು. ಈಗ ಸಂಭವ ಕೋಟಿಗೆ ಒಂದು. ಆ ನಾಜೂಕಿನ ಕ್ಷಣದಲ್ಲೂ ಪಕ್ಕದ ಪೈಲಟ್ ವಿಮಾನವನ್ನು ಕೈಗೆ ತೆಗೆದುಕೊಳ್ಳದೆ ಸೋಲುವುದು ನೂರಕ್ಕೆ ಒಂದು ಸಲ ಎಂದು ಸಿಮ್ಯುಲೇಟರ್ ಪ್ರಯೋಗಗಳ ಆಧಾರದ ಮೇಲೆ ಹಿಡಿದಿದ್ದಾರೆ. ಕೊನೆಗೆ ಉಳಿಯುವುದು ನೂರು ಕೋಟಿ ಗಂಟೆಗೆ ಒಂದು ಅಪಘಾತ. 2009ರ ಜೂನ್‌ನಲ್ಲಿ ಬ್ರಸೆಲ್ಸ್‌ನಿಂದ ಅಮೆರಿಕದ ನೆವಾರ್ಕ್‌ಗೆ ಹೊರಟಿದ್ದ ಕಾಂಟಿನೆಂಟಲ್ ಏರ್‌ಲೈನ್ಸ್ ವಿಮಾನದಲ್ಲಿ 60 ವರ್ಷದ ಕ್ಯಾಪ್ಟನ್ ಅಟ್ಲಾಂಟಿಕ್ ಸಾಗರದ ಮೇಲೆ ಪ್ರಾಣಬಿಟ್ಟರು. ಉಳಿದ ಪೈಲಟ್‌ಗಳು ವಿಮಾನವನ್ನು ಮಾಮೂಲಿನಂತೆ ಇಳಿಸಿದರು. ಹಾರುವಾಗ ಪೈಲಟ್‌ಗಳನ್ನು ಅತಿ ಹೆಚ್ಚು ಬಾರಿ ಅಶಕ್ತರನ್ನಾಗಿಸುವುದು ಹೃದಯವಲ್ಲ, ಹೊಟ್ಟೆ. ಕೆಟ್ಟ ಊಟ, ವಾಂತಿ, ಭೇದಿ. ಅದಕ್ಕೆ ಇಪ್ಪತ್ತೈದೂ ಒಂದೇ, ಅರವತ್ತೈದೂ ಒಂದೇ.

ಈ ಲೆಕ್ಕ ನೆಮ್ಮದಿ ಕೊಡುತ್ತದೆ ನಿಜ. ಆದರೆ ಅದಕ್ಕೆ ಆಧಾರವಾದ ಹೃದಯಗಳು ಯಾರವು ಎಂದು ನಾವು ಕೇಳಲೇಬೇಕು. ಹೃದಯಾಘಾತದ ಅಪಾಯ ಯಾವ ವಯಸ್ಸಿನಲ್ಲಿ ಎಷ್ಟು ಎಂಬ ಕೋಷ್ಟಕಗಳು ಬಹುಪಾಲು ಯುರೋಪು, ಅಮೆರಿಕದ ಗಂಡಸರನ್ನು ಅಳೆದು ಮಾಡಿದವು. ಐವತ್ತೆರಡು ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನ ಬೇರೆಯದೇ ಚಿತ್ರ ಕೊಟ್ಟಿತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ವೈದ್ಯರೂ ಪಾಲುಗೊಂಡು 2007ರಲ್ಲಿ ಪ್ರಕಟಿಸಿದ ಅದರ ಫಲಿತಾಂಶದ ಪ್ರಕಾರ, ಮೊದಲ ಹೃದಯಾಘಾತ ಆಗುವ ಸರಾಸರಿ ವಯಸ್ಸು ದಕ್ಷಿಣ ಏಷ್ಯಾದವರಲ್ಲಿ 53, ಉಳಿದ ದೇಶಗಳವರಲ್ಲಿ 58.8. ಸುಮಾರು ಆರು ವರ್ಷದ ಅಂತರ. ಹೊಸೂರು ರಸ್ತೆಯ ಬೊಮ್ಮಸಂದ್ರದಲ್ಲಿ ನಾರಾಯಣ ಹೃದಯಾಲಯ ಅಷ್ಟು ದೊಡ್ಡದಾಗಿ ಬೆಳೆದದ್ದರ ಹಿಂದೆ ಈ ವಾಸ್ತವವೂ ಇದೆ. ಹಾಗಾದರೆ ಯುರೋಪಿನ ಪೈಲಟ್‌ಗೆ 67 ಎಂದರೆ ನಮ್ಮ ಪೈಲಟ್‌ಗೆ 61 ಎನ್ನಬೇಕೇ? ಅವಸರ ಬೇಡ. ಅದೇ ಅಧ್ಯಯನ ಇನ್ನೊಂದು ಮಾತನ್ನೂ ಹೇಳಿದೆ: ಮಧುಮೇಹ, ಕೆಟ್ಟ ಕೊಬ್ಬು, ತಂಬಾಕು, ರಕ್ತದೊತ್ತಡಗಳಂಥ ಅಪಾಯಗಳು ನಮ್ಮವರಿಗೆ ಚಿಕ್ಕ ವಯಸ್ಸಿನಲ್ಲೇ ಅಂಟಿಕೊಂಡಿರುತ್ತವೆ, ಅವನ್ನು ಲೆಕ್ಕಕ್ಕೆ ಹಿಡಿದಾಗ ಆ ಅಂತರ ಬಹುಮಟ್ಟಿಗೆ ಅಳಿಸಿಹೋಗುತ್ತದೆ. ಎಂದರೆ ದೋಷ ಹುಟ್ಟಿದ ಇಸವಿಯಲ್ಲಿಲ್ಲ, ರಕ್ತದಲ್ಲಿ ಅಳೆಯಬಹುದಾದ ಸಂಗತಿಗಳಲ್ಲಿದೆ. ಪೈಲಟ್‌ಗಳು ವೃತ್ತಿಗೆ ಬರುವಾಗಲೇ ಜರಡಿ ಹಿಡಿದು ಆರಿಸಿದವರು, ವರ್ಷವರ್ಷವೂ ತಪಾಸಣೆಗೆ ಒಳಗಾಗುವವರು. ಊರಿನ ಸರಾಸರಿಯನ್ನು ಅವರಿಗೆ ಹಚ್ಚುವುದು ಸರಿಯಲ್ಲ. ಆದರೆ ಅವರ ಸರಾಸರಿ ಎಷ್ಟು ಎಂಬುದನ್ನಾದರೂ ನಾವು ತಿಳಿದಿರಬೇಕಲ್ಲ? ಭಾರತೀಯ ಪೈಲಟ್‌ಗಳ ಹೃದಯದ ಬಗ್ಗೆ ಯುರೋಪಿನ ಕೋಷ್ಟಕ ನೋಡಿ ತೀರ್ಮಾನಿಸುವುದನ್ನು ವಿಜ್ಞಾನ ಎನ್ನಲಾಗದು.

ಇನ್ನು ಮೆದುಳು. ವಯಸ್ಸಾದಂತೆ ಹೊಸ ಸಂಕೇತವೊಂದನ್ನು ಗ್ರಹಿಸಿ ಕೈ ಆಡಿಸುವ ವೇಗ ತಗ್ಗುತ್ತದೆ. ಕೇಳಿಸಿಕೊಂಡ ನಾಲ್ಕು ಅಂಕಿಗಳನ್ನು ತಲೆಯಲ್ಲಿಟ್ಟುಕೊಂಡೇ ಇನ್ನೊಂದು ಕೆಲಸ ಮಾಡುವುದು ಕಷ್ಟವಾಗುತ್ತದೆ. ಈ ಇಳಿಕೆ ಇಪ್ಪತ್ತು ಮೂವತ್ತರ ಪ್ರಾಯದಲ್ಲೇ ಮೆಲ್ಲಗೆ ಶುರುವಾಗಿರುತ್ತದೆ. ಅರವತ್ತೈದರ ಹುಟ್ಟುಹಬ್ಬಕ್ಕೆ ಕಾದು ಕುಳಿತಿರುವುದಿಲ್ಲ. ಅದರ ಜೊತೆಯಲ್ಲೇ ಕಲಿತದ್ದರ ಗಟ್ಟಿತನ ಏರುತ್ತಾ ಹೋಗುತ್ತದೆ. ಹಳೆಯ ಅನುಭವದ ನೆರವಿನಿಂದ ಪರಿಸ್ಥಿತಿಯನ್ನು ಒಂದೇ ನೋಟಕ್ಕೆ ಗುರುತಿಸುವ ಶಕ್ತಿ ಅದು. ಎರಡರಲ್ಲಿ ಯಾವುದು ಗೆಲ್ಲುತ್ತದೆ? ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 40ರಿಂದ 69 ವಯಸ್ಸಿನ 118 ಪೈಲಟ್‌ಗಳನ್ನು ಮೂರು ವರ್ಷ ಕಾಲ ಸಿಮ್ಯುಲೇಟರ್‌ನಲ್ಲಿ ಪರೀಕ್ಷಿಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೊದಲ ಪರೀಕ್ಷೆಯಲ್ಲಿ ಹಿರಿಯರ ಅಂಕ ಕಡಿಮೆಯಿತ್ತು. ಆದರೆ ವರ್ಷಗಳು ಉರುಳಿದಂತೆ ಅವರ ಇಳಿಕೆ ಕಿರಿಯರದಕ್ಕಿಂತ ಕಡಿಮೆಯಾಗಿತ್ತು, ಹೆಚ್ಚಿನ ಅರ್ಹತೆಯ ಲೈಸೆನ್ಸ್ ಇದ್ದವರು ಯಾವ ವಯಸ್ಸಿನಲ್ಲೂ ಮೇಲುಗೈ ಸಾಧಿಸಿದರು. ಇದಕ್ಕೂ ಮುಂಚೆ, 2003ರಲ್ಲಿ ಪ್ರಕಟವಾದ ಇನ್ನೊಂದು ಅಮೆರಿಕನ್ ಅಧ್ಯಯನ 3,306 ವೃತ್ತಿಪರ ಪೈಲಟ್‌ಗಳ ಹತ್ತು ವರ್ಷದ ಅಪಘಾತ ದಾಖಲೆ ನೋಡಿತ್ತು. ಅವರು ನಲವತ್ತರ ಕೊನೆಯಿಂದ ಐವತ್ತರ ಕೊನೆಯತ್ತ ಸಾಗುವಾಗ ಅಪಘಾತದ ಪ್ರಮಾಣ ಏರಲಿಲ್ಲ. ಐದು ಸಾವಿರ ಗಂಟೆಗೂ ಹೆಚ್ಚು ಹಾರಿದ ಅನುಭವ ಇದ್ದವರಲ್ಲಿ ಅಪಾಯ ಅರ್ಧಕ್ಕಿಂತ ಕಡಿಮೆ ಇತ್ತು. ಈ ಎರಡೂ ಅಧ್ಯಯನಗಳ ಮಿತಿಯನ್ನು ಮರೆಯಬಾರದು. ಮೊದಲನೆಯದರಲ್ಲಿ ಇದ್ದವರು ಬಹುತೇಕ ಸಣ್ಣ ವಿಮಾನಗಳವರು, ಎರಡನೆಯದು ಅರವತ್ತರ ಹೊಸ್ತಿಲಲ್ಲೇ ನಿಲ್ಲುತ್ತದೆ. 65ರಿಂದ 67ರ ನಡುವೆ ದೊಡ್ಡ ವಿಮಾನ ಹಾರಿಸುವವರ ಬಗ್ಗೆ ನೇರ ಸಾಕ್ಷ್ಯ ತೆಳುವಾಗಿದೆ. ಅನುಭವ ಎಂಬುದೂ ಎಲ್ಲ ಕಡೆ ಸಲ್ಲುವ ನಾಣ್ಯವೇನಲ್ಲ. 1990ರ ಫೆಬ್ರುವರಿ 14ರಂದು ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದ ರನ್‌ವೇ ತಲುಪುವ ಮುನ್ನವೇ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಎ320 ನೆಲಕ್ಕೆ ಬಿದ್ದು 92 ಜನ ಸತ್ತಾಗ ಕಾಕ್‌ಪಿಟ್‌ನಲ್ಲಿದ್ದ ಇಬ್ಬರೂ ಹಳೆಯ ವಿಮಾನಗಳಲ್ಲಿ ನುರಿತವರೇ. ಆದರೆ ಆ ಮಾದರಿ ದೇಶಕ್ಕೇ ಹೊಸದು. ಇಂಜಿನ್‌ಗಳು ಕನಿಷ್ಠ ಶಕ್ತಿಯಲ್ಲಿದ್ದು ವೇಗ ಕುಸಿಯುತ್ತಿರುವುದು ಅವರ ಗಮನಕ್ಕೆ ಬಂದಾಗ ಹೊತ್ತು ಮೀರಿತ್ತು.

ಆದರೆ ವಯಸ್ಸಿನ ಚರ್ಚೆಯಲ್ಲಿ ಸದಾ ಹಿಂದೆ ಸರಿಯುವ ಸಂಗತಿಯೊಂದಿದೆ: ನಿದ್ದೆ. ಕರ್ನಾಟಕಕ್ಕೆ ಇದರ ನೆನಪು ಕಹಿಯಾದದ್ದು. 2010ರ ಮೇ 22ರಂದು ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬೆಳಗಿನ ಆರು ಗಂಟೆಯ ಸುಮಾರಿಗೆ ಮಂಗಳೂರಿನ ಬಜ್ಪೆಯ ಗುಡ್ಡದ ನೆತ್ತಿಯ ರನ್‌ವೇ ದಾಟಿ ಕಣಿವೆಗೆ ಬಿತ್ತು. 166 ಜನರಲ್ಲಿ ಉಳಿದವರು ಎಂಟೇ ಮಂದಿ. ಕ್ಯಾಪ್ಟನ್‌ಗೆ ಹತ್ತು ಸಾವಿರ ಗಂಟೆಗೂ ಹೆಚ್ಚು ಹಾರಾಟದ ಅನುಭವ ಇತ್ತು, ಅರವತ್ತು ತುಂಬಿರಲಿಲ್ಲ, ವೈದ್ಯಕೀಯ ಪ್ರಮಾಣಪತ್ರ ಸರಿಯಾಗಿತ್ತು. ನಿವೃತ್ತಿ ವಯಸ್ಸಿನ ಯಾವ ನಿಯಮವೂ ಅವರನ್ನು ಆ ಆಸನದಿಂದ ಏಳಿಸುತ್ತಿರಲಿಲ್ಲ. ಏರ್ ಮಾರ್ಷಲ್ ಬಿ. ಎನ್. ಗೋಖಲೆ ನೇತೃತ್ವದ ವಿಚಾರಣಾ ಸಮಿತಿ ಧ್ವನಿಮುದ್ರಿಕೆ ಕೇಳಿ ಕಂಡುಕೊಂಡದ್ದೇನೆಂದರೆ, ಕ್ಯಾಪ್ಟನ್ ಒಂದು ಗಂಟೆ ನಲವತ್ತು ನಿಮಿಷದಷ್ಟು ಕಾಲ ನಿದ್ದೆಯಲ್ಲಿದ್ದರು. ಗಾಢ ನಿದ್ದೆಯಿಂದ ಎದ್ದವರ ತಲೆಗೆ ಮಂಪರು ಕವಿದಿರುತ್ತದೆ, ತೀರ್ಮಾನ ಮಸುಕಾಗುತ್ತದೆ. ಅದಕ್ಕೆ ಬೆಳಗಿನ ಜಾವದ ಹೊತ್ತು ಸೇರಿತ್ತು, ದೇಹದ ಗಡಿಯಾರ ಅತಿ ಕೆಳಗಿಳಿಯುವ ವೇಳೆ. ಅತಿ ಎತ್ತರದಲ್ಲಿ ಬಂದ ವಿಮಾನವನ್ನು ಅವರು ಇಳಿಸಲು ಹೋದರು. ಮತ್ತೆ ಮೇಲೇರೋಣ ಎಂದು ಸಹ ಪೈಲಟ್ ಮೂರು ಸಲ ಹೇಳಿದರು. ಸುಮಾರು 8,000 ಅಡಿಯ ರನ್‌ವೇಯಲ್ಲಿ 5,200 ಅಡಿ ದಾಟಿದ ಮೇಲೆ ಚಕ್ರಗಳು ನೆಲ ಮುಟ್ಟಿದವು. ಎಚ್ಚರ ತಪ್ಪಿದ ಹಿರಿಯರ ಕೈ ಮತ್ತು ಅವರನ್ನು ಮೀರಲಾರದ ಕಿರಿಯರ ದನಿ, ಇವೆರಡೂ ಒಂದೇ ಕಾಕ್‌ಪಿಟ್‌ನಲ್ಲಿ ಸೇರಿದಾಗ ಆಗುವುದು ಇದು. ವಯಸ್ಸಾದಂತೆ ನಿದ್ದೆ ತೆಳುವಾಗುತ್ತದೆ, ರಾತ್ರಿ ಪಾಳಿಯಿಂದ ಚೇತರಿಸಿಕೊಳ್ಳಲು ಹೆಚ್ಚು ದಿನ ಬೇಕಾಗುತ್ತದೆ ಎಂಬುದು ನಿದ್ರಾವಿಜ್ಞಾನ ಖಚಿತವಾಗಿ ಹೇಳುವ ಮಾತು. ಜಿಗಣಿಯಲ್ಲಿ ಮೂರನೇ ಪಾಳಿ ಮಾಡಿದ ಹಿರಿಯ ಕೆಲಸಗಾರರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹಾಗಿದ್ದ ಮೇಲೆ, ವಯಸ್ಸನ್ನು ಎರಡು ವರ್ಷ ಏರಿಸುವ ಕಂಪನಿ ಆ ಎರಡು ವರ್ಷಗಳ ರಾತ್ರಿಗಳನ್ನು ಹೇಗೆ ಹಂಚುತ್ತದೆ ಎಂಬುದು ಹೃದಯದ ಲೆಕ್ಕಕ್ಕಿಂತ ದೊಡ್ಡ ಪ್ರಶ್ನೆ.

ಈ ಕಾರಣಕ್ಕೇ ಪೈಲಟ್‌ಗಳ ಕೊರತೆಯ ನೆಪವನ್ನು ನಾನು ಅನುಮಾನದಿಂದ ನೋಡುತ್ತೇನೆ. 2023ರಲ್ಲಿ ಏರ್ ಇಂಡಿಯಾ 470 ವಿಮಾನ, ಇಂಡಿಗೊ 500 ವಿಮಾನ ಖರೀದಿಗೆ ಮುಂದಾದವು. ವಿಮಾನವನ್ನು ಆರ್ಡರ್ ಕೊಟ್ಟು ತರಿಸಬಹುದು. ಕ್ಯಾಪ್ಟನ್‌ರನ್ನು ತರಿಸಲು ಬರುವುದಿಲ್ಲ. ವಿಶ್ರಾಂತಿಯ ಹೊಸ ನಿಯಮಗಳಡಿ ವಾರದ ವಿರಾಮ 36 ಗಂಟೆಯಿಂದ 48ಕ್ಕೆ ಏರಿದ ಮೇಲೆ, 2025ರ ನವೆಂಬರ್‌ನಲ್ಲಿ ಅವು ಪೂರ್ತಿ ಜಾರಿಗೆ ಬಂದು ರಾತ್ರಿ ಇಳಿಸುವಿಕೆಗಳಿಗೆ ಮಿತಿ ಬಿದ್ದಾಗ, ಡಿಸೆಂಬರ್ ಮೊದಲ ವಾರದಲ್ಲಿ ಇಂಡಿಗೊದ ಸಾವಿರಾರು ಹಾರಾಟಗಳು ರದ್ದಾದವು. ಬೆಂಗಳೂರಿನ ನಿಲ್ದಾಣದಲ್ಲಿ ಜನ ರಾತ್ರಿ ಕಳೆದರು. ಆಗ ಆದದ್ದೇನು? ನಿಯಂತ್ರಕ ಸಂಸ್ಥೆಯಾದ ಡಿಜಿಸಿಎ ಆ ಕಂಪನಿಗೆ ವಿಶ್ರಾಂತಿ ನಿಯಮಗಳಲ್ಲಿ ತಾತ್ಕಾಲಿಕ ಸಡಿಲಿಕೆ ಕೊಟ್ಟಿತು. ಕೊರತೆ ಬಂದಾಗ ಮೊದಲು ಬಾಗುವುದು ಸುರಕ್ಷತೆಯ ನಿಯಮ ಎಂಬುದಕ್ಕೆ ಇದಕ್ಕಿಂತ ತಾಜಾ ಉದಾಹರಣೆ ಬೇಕಿಲ್ಲ. ಅರವತ್ತಾರರ ಕ್ಯಾಪ್ಟನ್‌ರನ್ನು ಅದೇ ಹಳೆಯ ರಾತ್ರಿಗಳ ಸುತ್ತಿಗೆ ಹಾಕಲು ವಯಸ್ಸನ್ನು ಏರಿಸುವುದಾದರೆ ಅದು ಬಜ್ಪೆಯ ಪಾಠವನ್ನು ಓದದೆ ಮಡಚಿಟ್ಟಂತೆ. ಅದೇ ಕ್ಯಾಪ್ಟನ್‌ಗೆ ಹಗಲಿನ ಹಾರಾಟ, ಹೆಚ್ಚು ವಿರಾಮ, ಆರು ತಿಂಗಳಿಗೊಮ್ಮೆ ತಪಾಸಣೆ, ಪಕ್ಕದಲ್ಲಿ ಕಿರಿಯ ಪೈಲಟ್ ಇರುವುದಾದರೆ ನನ್ನ ತಕರಾರಿಲ್ಲ.

ಕಿರಿಯರ ಕಡೆಯಿಂದ ಬರುವ ಆಕ್ಷೇಪ ನ್ಯಾಯವಾದದ್ದು. ಬೆಂಗಳೂರಿನ ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಲ್ಲೋ ಖಾಸಗಿ ಶಾಲೆಯಲ್ಲೋ ಸಾಲ ಮಾಡಿ ಕಲಿತು ಲೈಸೆನ್ಸ್ ಹಿಡಿದು ಕಾಯುತ್ತಿರುವ ಹುಡುಗ ಹುಡುಗಿಯರು ಬಹಳ ಇದ್ದಾರೆ. ಹಿರಿಯರು ಏಳದಿದ್ದರೆ ನಮಗೆ ಜಾಗವೆಲ್ಲಿ ಎಂದು ಅವರು ಕೇಳುತ್ತಾರೆ. ಆದರೆ ನಮ್ಮಲ್ಲಿ ಕೊರತೆ ಇರುವುದು ಎಡಗಡೆಯ ಆಸನಕ್ಕೆ, ಅಂದರೆ ಕ್ಯಾಪ್ಟನ್‌ಗಳಿಗೆ. ಎಡಗಡೆ ಒಬ್ಬರಿದ್ದರೆ ಬಲಗಡೆ ಒಬ್ಬ ಕಿರಿಯರಿಗೆ ಕೆಲಸ ಹುಟ್ಟುತ್ತದೆ. ಉದ್ಯಮ ಬೆಳೆಯುತ್ತಿರುವವರೆಗೆ ಈ ಉತ್ತರ ನಿಲ್ಲುತ್ತದೆ. ಹಿಂಜರಿತ ಬಂದ ದಿನ ನಿಲ್ಲುವುದಿಲ್ಲ. ಅಮೆರಿಕದಲ್ಲಿ 2007ರ ಏರಿಕೆಯ ಬೆನ್ನಿಗೇ ಆರ್ಥಿಕ ಕುಸಿತ ಬಂದು ಕಿರಿಯರ ಬಡ್ತಿ ವರ್ಷಗಟ್ಟಲೆ ಹಿಂದೆ ಬಿದ್ದಿತ್ತು. ಇನ್ನೊಂದು ಆಕ್ಷೇಪ ಎದುರು ದಿಕ್ಕಿನದು. ವಯಸ್ಸಿನ ಗೆರೆಯೇ ಏಕೆ ಬೇಕು, ಒಬ್ಬೊಬ್ಬರನ್ನೂ ಪರೀಕ್ಷಿಸಿ ನಿರ್ಧರಿಸಿ ಎನ್ನುವವರಿದ್ದಾರೆ. ಕಾಗದದ ಮೇಲೆ ಇದೇ ಅತ್ಯುತ್ತಮ. ಗಗನಯಾನಕ್ಕೆ ಆಯ್ಕೆಯಾದ ನಾಲ್ವರನ್ನೂ ಬೆಂಗಳೂರಿನ ವಿಮಾನಪುರದಲ್ಲಿರುವ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಹೀಗೆ ಒಬ್ಬೊಬ್ಬರನ್ನಾಗಿಯೇ ಸೋಸಿತ್ತು. ಆದರೆ ತೊಂದರೆ ಇರುವುದು ಪರೀಕ್ಷೆಗಳ ಭವಿಷ್ಯ ಹೇಳುವ ಶಕ್ತಿಯಲ್ಲಿ. ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ಪಾಸಾದವರಿಗೂ ಹೃದಯಾಘಾತ ಆಗುತ್ತದೆ, ಫೇಲಾದ ಎಷ್ಟೋ ಜನರ ಹೃದಯ ಚೆನ್ನಾಗಿಯೇ ಇರುತ್ತದೆ. ಇಡೀ ಗುಂಪಿನ ಅಪಾಯವನ್ನು ನಾವು ಬಲ್ಲೆವು, ಮುಂದಿರುವ ಒಬ್ಬ ವ್ಯಕ್ತಿಯ ಅಪಾಯವನ್ನು ಅಷ್ಟು ನಿಖರವಾಗಿ ಅರಿಯೆವು. ಎಲ್ಲಿಯವರೆಗೆ ಹೀಗಿದೆಯೋ ಅಲ್ಲಿಯವರೆಗೆ ಎಲ್ಲೋ ಒಂದು ಕಡೆ ಗೆರೆ ಬೇಕು. ಮತ್ತೆ, ಶೇಕಡಾ ಒಂದರ ಲೆಕ್ಕ ನಿಂತಿರುವುದು ಎರಡನೇ ಪೈಲಟ್‌ನ ಹೆಗಲ ಮೇಲೆ. ದೀರ್ಘ ಹಾರಾಟದ ನಡುವೆ ಕಾಕ್‌ಪಿಟ್‌ನಲ್ಲಿ ಒಬ್ಬರೇ ಇದ್ದರೆ ಸಾಕೆಂಬ ಯೋಜನೆಯನ್ನು ವಿಮಾನ ತಯಾರಕರು ಮುಂದಿಟ್ಟಿದ್ದಾರೆ. ಯುರೋಪಿನ ಸುರಕ್ಷತಾ ಸಂಸ್ಥೆ ಪರಿಶೀಲಿಸಿ, ಈಗಿನಷ್ಟೇ ಸುರಕ್ಷತೆ ಅದರಲ್ಲಿ ಸಿಗುತ್ತದೆಂದು ಸದ್ಯಕ್ಕೆ ತೋರಿಸಲಾಗದು ಎಂದು 2025ರಲ್ಲಿ ಹೇಳಿದೆ. ಆ ಯೋಜನೆ ಎಂದಾದರೂ ಮರಳಿ ಬಂದರೆ, ವಯಸ್ಸನ್ನು ಏರಿಸುವ ಮಾತನ್ನು ಅದರ ಜೊತೆಗೆ ಎತ್ತಲೇಬಾರದು.

ಭಾರತದ ಕೈಯಲ್ಲಿ ಈಗ ಬೇರೆಯವರ ಬಳಿ ಇಲ್ಲದ ಸಾಮಗ್ರಿ ಇದೆ. ಅರವತ್ತರಿಂದ ಅರವತ್ತೈದರ ನಡುವಿನ ಭಾರತೀಯ ಪೈಲಟ್‌ಗಳ ವೈದ್ಯಕೀಯ ಕಡತಗಳು ವರ್ಷಗಳಿಂದ ಡಿಜಿಸಿಎ ಬಳಿ ಸೇರುತ್ತಿವೆ. ಎಷ್ಟು ಜನ ಯಾವ ಕಾರಣಕ್ಕೆ ಲೈಸೆನ್ಸ್ ಕಳೆದುಕೊಂಡರು, ಸಿಮ್ಯುಲೇಟರ್‌ನಲ್ಲಿ ಎಷ್ಟು ಜನ ಎಡವಿದರು ಎಂಬುದೆಲ್ಲ ಅವುಗಳಲ್ಲಿ ಮತ್ತು ಕಂಪನಿಗಳ ತರಬೇತಿ ದಾಖಲೆಗಳಲ್ಲಿ ಇದೆ. ಹೆಸರುಗಳನ್ನು ತೆಗೆದು ಅವನ್ನು ಸಂಶೋಧಕರಿಗೆ ಕೊಡಬೇಕು. ಹೋಲಿಸಿ ನೋಡಲು ನೆಲದ ಮೇಲಿನ ಅಳತೆಯೂ ಹತ್ತಿರದಲ್ಲೇ ನಡೆಯುತ್ತಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ ಹತ್ತು ಸಾವಿರ ಜನರನ್ನು, ಬೆಂಗಳೂರು ನಗರದಲ್ಲಿ ಸಾವಿರ ಜನರನ್ನು ಗುರಿಯಾಗಿಟ್ಟುಕೊಂಡು ಅವರ ನೆನಪು, ಗಮನ, ರಕ್ತ, ಮೆದುಳಿನ ಚಿತ್ರಗಳನ್ನು ಮತ್ತೆ ಮತ್ತೆ ದಾಖಲಿಸುತ್ತಿದೆ. ನಮ್ಮವರ ಮೆದುಳು ಹೇಗೆ ಮಾಗುತ್ತದೆ ಎಂಬುದಕ್ಕೆ ನಮ್ಮದೇ ಕೋಷ್ಟಕ ಅಲ್ಲಿಂದ ಬರಬೇಕು. ಐಕಾವೊ ಮಹಾಸಭೆ ಮೂರು ವರ್ಷಕ್ಕೊಮ್ಮೆ ಸೇರುತ್ತದೆ, ಮುಂದಿನದು 2028ರಲ್ಲಿ. ಬೆಂಗಳೂರಿನಿಂದ ದುಬೈಗೋ ಸಿಂಗಪುರಕ್ಕೋ ಹಾರುವ ಪೈಲಟ್‌ನ ವಯಸ್ಸನ್ನು ಭಾರತ ಒಂದೇ ಬದಲಿಸಲಾರದು, ಅದು ಐಕಾವೊದಲ್ಲೇ ಬದಲಾಗಬೇಕು. ಹೃದಯ, ನಿದ್ದೆ, ಸಿಮ್ಯುಲೇಟರ್ ಈ ಮೂರರ ಭಾರತೀಯ ಅಂಕಿಗಳು ಅಷ್ಟರೊಳಗೆ ಸಿದ್ಧವಾಗಿ ನಮ್ಮ ಪ್ರತಿನಿಧಿಗಳ ಕೈಯಲ್ಲಿದ್ದರೆ 67ರ ಪರವಾಗಿಯೋ ವಿರುದ್ಧವಾಗಿಯೋ ಅವರು ಆಧಾರ ಇಟ್ಟು ಮತ ಹಾಕಬಹುದು. ಇಲ್ಲವಾದರೆ 65 ಇದ್ದಲ್ಲೇ ಇರಲಿ.